ಶನಿವಾರದ ಸೆನ್ಸಾರ್

ಒಂದು ಇಟಾಲಿಯನ್ ಜೊಂಬಿ ಚಿತ್ರವನ್ನು ಕಾಲೇಜಿನ ದಿನಗಳಲ್ಲಿ ಮೈಸೂರಿನ ಟಾಕೀಸಿನಲ್ಲಿ ನೋಡಿದ್ದೆ. ಹೆಣಗಳು ಎದ್ದು ಬಾಯಿ ತೆರೆದಾಗಲೆಲ್ಲ ಸೆನ್ಸಾರ್ ಕತ್ತರಿ ಬೀಳುತ್ತಿತ್ತು. ಅವು ತಿಂದದ್ದೇನೆಂದು ತಿಳಿಯಲೇ ಇಲ್ಲ. ಎಷ್ಟೋ ದೇಶಗಳು ಕತ್ತರಿಸಿದ್ದ ಆ ಚಿತ್ರದ ಪೂರ್ತಿ ಪ್ರತಿ ಈಗ ಅಮೆರಿಕದ ನೋವೈ ಊರಿನ ನಮ್ಮ ಮನೆಗೆ ಡಿಸ್ಕ್ ಆಗಿ ಬಂತು. ವಾರವಿಡೀ ಆಫೀಸಿಗೆ ಡ್ರೈವ್ ಮಾಡಿ ಸುಸ್ತಾಗಿದ್ದವನು ಶನಿವಾರ ಮಧ್ಯಾಹ್ನ ಹಾಕಿಕೊಂಡು ಕೂತೆ. ಮೊದಲ ಹೆಣ ಬಾಯಿ ತೆರೆಯುತ್ತಲೇ ಹೆಂಡತಿ ಟೀವಿ ಆರಿಸಿದಳು.

“ವೆಂಕಟರಮಣನ ವಾರ! ಈ ಮನೇಲಿ ಇವತ್ತು ಮಾಂಸ ಬೇಡ.”

“ತಿಂತಿರೋದು ಅವು ಕಣೇ.”

“ಯಾರು ತಿಂದ್ರೇನು? ನಾಳೆ ನೋಡ್ಕೊಳ್ಳಿ.”

ವಾದಿಸಲು ತ್ರಾಣವಿರಲಿಲ್ಲ. ಭಾನುವಾರ ಇಬ್ಬರೂ ಕೂತೆವು. ಆ ದೃಶ್ಯ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು. ಎಚ್ಚರವಾದಾಗ ಅವಳು ಪೂರ್ತಿ ನೋಡಿ ಮುಗಿಸಿದ್ದಳು.

“ಏನು ತಿಂದ್ವು?” ಎಂದೆ.

“ನಿಮಗ್ಯಾಕೆ ಅದೆಲ್ಲ, ಬಿಡಿ,” ಎಂದಳು.