ಐತಪ್ಪ ವಕೀಲರ ಎಂಎಲ್‌ಎಗಿರಿ

ತಮಿಳುನಾಡಿನ ಸೌಕಾರ್‌ಪೇಟೆಯ ಬಾಡಿಗೆ ಮನೆ ಖಾಲಿ ಮಾಡಲು ನೋಟಿಸು ಬಂದ ದಿನವೇ ವಾರಿಜಕ್ಕ ಐತಪ್ಪ ವಕೀಲರ ಹೆಸರು ಮೊದಲು ಕೇಳಿದ್ದು. ‘ನಮ್ಮ ಊರಿನವರು, ಕೈ ಬಿಡುವುದಿಲ್ಲ’ ಎಂದಿದ್ದರು ಗಂಡ ಕೆಲಸ ಮಾಡಿದ್ದ ಹೋಟೆಲಿನವರು. ಕೇಸು ಹಿಡಿದ ವಕೀಲ ಮಹಾಶಯರು ವಾಯಿದೆ ಕೇಳುವುದರಲ್ಲಿ ಮಾತ್ರ ಗಟ್ಟಿಗರು. ಅಷ್ಟರಲ್ಲಿ ಉಪಚುನಾವಣೆ ಗೆದ್ದು ಒಂದು ವರ್ಷ ಎಂಎಲ್‌ಎ ಆದರು. ವಿಧಾನಸಭೆಯಲ್ಲಿ ಬಾಯಿ ತೆರೆದದ್ದು ಆಕಳಿಸುವುದಕ್ಕೆ. ಕೋರ್ಟಿನ ಕಡೆ ತಲೆಹಾಕಲಿಲ್ಲ, ವಾರಿಜಕ್ಕನ ಕೇಸು ಬಿದ್ದುಹೋಯಿತು.

ಪಾತ್ರೆಗಳನ್ನು ಟೆಂಪೋಗೆ ಏರಿಸುತ್ತಿದ್ದಾಗ, ಮತ್ತೆ ಚುನಾವಣೆಗೆ ನಿಂತಿದ್ದ ವಕೀಲರು ಶಾಲು ಹೊದ್ದು ಬಂದರು.

“ಮನೆ ಹೋಯ್ತಂತಲ್ಲ ವಾರಿಜಕ್ಕ, ಛೆ!”

“ನೀವು ಕೋರ್ಟಿಗೆ ಬಂದಿದ್ರೆ ಹೋಗ್ತಿರ್ಲಿಲ್ಲ ಮಾರಾಯ್ರೇ.”

“ಅದಿರ್ಲಿ. ನಾಳೆ ಮೀಟಿಂಗುಂಟು. ಸ್ಟೇಜಿಗೆ ಬಂದು, ಐತಪ್ಪನವರು ನನ್ನ ಮನೆ ಉಳಿಸಿಕೊಟ್ರು ಅಂತ ಒಂದು ಮಾತು ಹೇಳ್ತೀರಾ? ತಮಿಳಲ್ಲೇ ಆಗ್ಬೇಕು ಮತ್ತೆ.”