ಗೆಡ್ಡೆಸ್ ಅಂಗಡಿಯಲ್ಲಿ ಹಸಿರು ಸಿಗುವುದಿಲ್ಲ
ಪರ್ತ್ ಪೇಟೆಯಲ್ಲಿ ಕಿಲ್ಟ್ ಎಂಬ ಗಂಡಸರ ಚೌಕಳಿ ಲಂಗ, ಅದಕ್ಕೊಪ್ಪುವ ಕಾಲ್ಚೀಲಗಳ ಅಂಗಡಿ ಇಟ್ಟಿರುವ ಮುದುಕ ಗೆಡ್ಡೆಸ್‌ನ ಬಾಯಲ್ಲಿ ‘ಹಸಿರು’ ಎಂಬ ಮಾತೇ ಬರುವುದಿಲ್ಲ. ಒಂದು ಕಾಲ್ಚೀಲ ‘ಚರ್ಚಿನ ಗೋಡೆಯ ಪಾಚಿ’, ಇನ್ನೊಂದು ‘ಮಳೆ ನಿಂತ ಮೇಲಿನ ಜರಿಗಿಡ’. ಬ್ಯಾಂಡಿನವರು ತೊಡುವ ಬಿಳಿಯನ್ನು ಕೇಳಿದವರಿಗೆ, “ಮದುವೆಗೋ, ಬ್ಯಾಂಡ್ ಬಾರಿಸೋಕೋ?” ಎನ್ನುತ್ತಾನೆ. ಹುಟ್ಟಿದಾಗಿನಿಂದ ಬೂದು ಕಾಲ್ಚೀಲವನ್ನೇ ಕಂಡಿರುವ ಗುಮಾಸ್ತ ಕ್ಯಾಲಮ್ ತನ್ನ ಮದುವೆಗೆಂದು ಬಂದು, ಧೈರ್ಯವಾಗಿ ಬಿಳಿಯನ್ನೇ ಕೇಳಿ ಬೈಸಿಕೊಂಡ. “ಕಿಲ್ಟಿನ ದೊಡ್ಡ ಚೌಕ ಬಿಡಪ್ಪ, ಅದರೊಳಗಿನ ಸಣ್ಣ ಗೆರೆ ನೋಡು. ಆ ಬಣ್ಣ ಕಾಲಿಗೆ ಬರಬೇಕು. ಕೂದಲೆಳೆಯಷ್ಟು ತಪ್ಪಿದ್ರೂ ಹುಡುಗಿ ಕಡೆಯವರು ನಗ್ತಾರೆ!” ಎಂದು ಮುದುಕ ಮಂಡಿಯೂರಿ ಒಂಬತ್ತು ಜೊತೆಯನ್ನು ಕಿಲ್ಟಿಗೆ ಹಿಡಿದು ನೋಡಿದ. ಆಗಲೇ ಕ್ಯಾಲಮ್‌ನ ಕಣ್ಣಿಗೆ ಬಿದ್ದದ್ದು. “ಸಾರ್, ನಿಮ್ದೇ ಒಂದು ಕಾಲು ಪಾಚಿ, ಇನ್ನೊಂದು ಜರಿಗಿಡ ಅಲ್ವಾ?” ಗೆಡ್ಡೆಸ್ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದ: “ಮೆಲ್ಲಗೆ ಮಾರಾಯ. ಕಣ್ಣು ಮಂಜಾದ ಮೇಲೆ ನಮ್ಮಾಕೆ ಹೆಣೆದದ್ದು. ಎರಡೂ ಒಂದೇ ಬಣ್ಣ ಅಂತ ನಾನೇ ಹೇಳಿದ್ದೀನಿ.”