ಒಂದು ಹಿಡಿ ಅಕ್ಕಿಹಿಟ್ಟು

ಸೂರತ್ತಿನ ವರಾಛಾದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಏಕಾದಶಿಯ ದಿನ ಅಲ್ಲಿಯ ಫರಾಳಿ ದೋಸೆಗೆ, ಅಂದರೆ ಉಪವಾಸದವರು ತಿನ್ನುವ ದೋಸೆಗೆ, ಜನ ರಸ್ತೆಯವರೆಗೆ ನಿಲ್ಲುತ್ತಾರೆ. ಮೋರಯ್ಯೋ ಎಂಬ ಸಾಮೆಯಂಥ ಕಾಳಿನ ದೋಸೆ ಅದು. ಮೊದಮೊದಲು ಕಾವಲಿಗೆ ಹಿಡಿದು ಏಳುತ್ತಲೇ ಇರಲಿಲ್ಲ. "ಒಂದು ಹಿಡಿ ಅಕ್ಕಿಹಿಟ್ಟು ಹಾಕಿ, ಏಳ್ತದೆ" ಎಂದವಳು ನಾನೇ.

ನಮ್ಮಲ್ಲಿ ಏಕಾದಶಿಯೆಂದರೆ ನೀರೊಂದೇ. ಯಾವ ಕಾಳು ತಿಂದರೂ ಉಪವಾಸ ಕೆಟ್ಟಿತು. ಕೆಟ್ಟದ್ದಕ್ಕೆ ಅಕ್ಕಿ ಬಿದ್ದರೇನು ಎಂದುಕೊಂಡಿದ್ದೆ. ಇಲ್ಲಿಯವರಿಗೆ ಆ ಕಾಳು ನಡೆಯುತ್ತದೆ, ಅಕ್ಕಿ ಮಾತ್ರ ಸುತರಾಂ ಕೂಡದು ಎಂದು ತಿಳಿದದ್ದು ಚಿಕ್ಕಮ್ಮನೆಂಬಂತೆ ನಾನು ಮಾಸಿ ಎನ್ನುವ ಕೆಳಗಿನ ಮನೆಯ ಗುಜರಾತಿ ಹೆಂಗಸಿನಿಂದ. ಮಗಳ ಮಡಿಲು ತುಂಬಲೆಂದು ಅವರು ವರ್ಷದ ಏಕಾದಶಿ ವ್ರತ ಹಿಡಿದಿದ್ದರು. "ನಿಮ್ಮ ದೋಸೆಯಿಂದಲೇ ಸಾಗ್ತಿದೆ ಬೇಟಾ. ಬೇರೆ ಕಡೆ ಅಕ್ಕಿ ಗಿಕ್ಕಿ ಬೆರೆಸಿಬಿಡ್ತಾರೆ, ಪಾಪಿಗಳು!"

ಯಜಮಾನರಿಗೆ ಹೇಳಿದೆ. "ನಿಂಗೆ ಎಂತ ಮರ್ಲಾ ಮಾರಾಯ್ತಿ? ಹೊರಗೆ ಗೊತ್ತಾದ್ರೆ ಬಾಗಿಲು ಹಾಕ್ಬೇಕು. ಇನ್ನು ಅಕ್ಕಿ ಹಾಕೂದಿಲ್ಲ, ಆಯ್ತಲ್ಲ? ಸುಮ್ನೆ ಕೂತ್ಕೊ."

ಅಕ್ಕಿ ನಿಂತು ಸಾಬೂದಾನಿ ಬಂತು. ಅದೊಂದು ದೇವರ ದಯೆ. ಆದರೆ ಆಗಿಹೋದ ಏಕಾದಶಿಗಳು? ಹಾಲು ತರಬೇಕೆಂದರೂ ಮಾಸಿಯ ಬಾಗಿಲು ದಾಟಿಯೇ ಹೋಗಬೇಕು. ಅಷ್ಟರಲ್ಲಿ ಕನ್ನಡ ಸಂಘದವರು ಯಜಮಾನರಿಗೆ ಶಾಲು ಹೊದಿಸಿ, ಪರವೂರಲ್ಲಿ ಗೆದ್ದವರು ಎಂದು ಹೊಗಳಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಗೆದ್ದವರು ಅನ್ನಿಸಿಕೊಂಡ ಮೇಲೆ ತಪ್ಪೊಪ್ಪಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ವ್ರತ ಮುಗಿಯಿತು, ಪೂಜೆಗೆ ಬಾ ಎಂದು ಮಾಸಿ ಕರೆಯಲು ಬಂದ ದಿನ ತಡೆಯಲಾಗಲಿಲ್ಲ. "ಮಾಸಿ, ಮೊದಲು ನಮ್ಮ ದೋಸೆಯಲ್ಲಿ ಅಕ್ಕಿ ಇತ್ತು. ಹಾಕಲು ಹೇಳಿದ್ದು ನಾನು."

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಮತ್ತೆ ಮೊದಲಿಂದ ವ್ರತ ಹಿಡೀತೀನಿ" ಎಂದರು. ಎರಡು ಮೆಟ್ಟಿಲಿಳಿದು ತಿರುಗಿ, "ನಮ್ಮ ಸೊಸೈಟಿಯ ಮನೆಗಳಲ್ಲಿ ಯಾರಿಗೂ ಹೇಳಬೇಡ. ಹೋಟೆಲಿನ ಹೆಸರು ಕೆಡಬಾರದು."

ಬಯ್ದಿದ್ದರೆ ಹಗುರಾಗುತ್ತಿದ್ದೆನೇನೋ. ಈಗ ಮಾಸಿ ನಮ್ಮ ದೋಸೆ ತರಿಸುವುದಿಲ್ಲ. ಯಾಕೆಂದು ಮಗಳು ಕೇಳಿದರೆ ಹಲ್ಲುನೋವು ಎನ್ನುತ್ತಾರಂತೆ. ವ್ರತ ಹಿಡಿದ ಬಾಯಿ ನಮಗಾಗಿ ಸುಳ್ಳಾಡುತ್ತಿದೆ.